ಬಾಗಿಲು ತಟ್ಟುವವರು

ನಾನು ಚಿಕ್ಕವಳಿದ್ದಾಗ ಮನೆಗೆ ತಂತಿ ಬಂತೆಂದರೆ, ಒಡೆದು ಓದುವ ಮೊದಲೇ ಅಜ್ಜಿ ಸೆರಗನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಅಪರೂಪಕ್ಕೆ ಬರುತ್ತಿತ್ತಾದ್ದರಿಂದ ಅದಕ್ಕೆ ಅಷ್ಟು ಬೆಲೆ. 2013ರ ಜುಲೈಯಲ್ಲಿ ನಮ್ಮ ದೇಶದಲ್ಲಿ ತಂತಿ ಸೇವೆಯೇ ನಿಂತುಹೋಯಿತು. ಈಗ ಫೋನು ದಿನಕ್ಕೆ ನೂರು ಸಲ ‘ಟಿಣ್’ ಎಂದರೂ ಯಾರೂ ಬೆಚ್ಚುವುದಿಲ್ಲ.

ಹಾಗೆ ಬೆಚ್ಚದೇ ಇದ್ದುದಕ್ಕೇ ಹೋದ ವರ್ಷ ನನಗೊಂದು ಪೆಟ್ಟು ಬಿತ್ತು. “ಅಮ್ಮಂಗೆ ಹುಷಾರಿಲ್ಲ, ಬೇಗ ಬಾ ಅಕ್ಕಾ” ಎಂದು ತಮ್ಮ ಬೆಳಿಗ್ಗೆ ಕಳಿಸಿದ್ದು, ಸೀರೆ ರಿಯಾಯಿತಿ, ಸಾಲದ ಆಮಿಷಗಳ ನಡುವೆ ಹೂತುಹೋಗಿ ಸಂಜೆ ಕಣ್ಣಿಗೆ ಬಿತ್ತು. ಅಮ್ಮ ಉಳಿದಳು. ಆದರೆ “ಬಾಗಿಲ ಕಡೇನೇ ನೋಡ್ತಿದ್ದೆ ಕಣೇ” ಎಂದಳಲ್ಲ, ಆ ಮಾತು ಇನ್ನೂ ಚುಚ್ಚುತ್ತದೆ. ಆಮೇಲೆಯೇ ನಾನು ಈ ‘ಟಿಣ್’ನ ಚರಿತ್ರೆ ಕೆದಕಿದ್ದು.

2008ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಮೊದಲ ಆಂಡ್ರಾಯ್ಡ್ ಫೋನು ಮಾರಾಟಕ್ಕೆ ಬಂತು. ಅದರಲ್ಲಿ ನೋಟಿಫಿಕೇಶನ್ನುಗಳು ಪರದೆಯ ಮೇಲಂಚಿನಲ್ಲಿ ಪುಟ್ಟ ಗುರುತುಗಳಾಗಿ ಕೂರುತ್ತಿದ್ದವು. ಬೆರಳಿನಿಂದ ಕೆಳಗೆಳೆದರೆ ಪಟ್ಟಿ ಬಿಚ್ಚಿಕೊಳ್ಳುತ್ತಿತ್ತು. ಬಿಡುವಾದಾಗ ತೆರೆದು ನೋಡುವ ಅಂಚೆಡಬ್ಬಿಯಂತೆ. ಆದರೆ ಡಬ್ಬಿಗೆ ಹಾಕುವ ಆ್ಯಪುಗಳು ಮೊದಲು ನಮ್ಮ ಅಪ್ಪಣೆ ಕೇಳಬೇಕಾಗಿರಲಿಲ್ಲ.

2009ರ ಜೂನಿನಲ್ಲಿ ಆಪಲ್ ತನ್ನ ಐಫೋನಿಗೆ ಇಂಥದೇ ಏರ್ಪಾಡು ತಂದಾಗ, ಆ್ಯಪು ಮೊದಲು “ಬರಲೇ?” ಎಂದು ಕೇಳಬೇಕೆಂದು ನಿಯಮ ಮಾಡಿತು. ಮರ್ಯಾದಸ್ಥರೇ! ಆದರೆ ಒಮ್ಮೆ ಹೂಂ ಎಂದರೆ ನಡುಮನೆಗೇ ಬಂದು ನಿಲ್ಲುತ್ತಿದ್ದರು: ಮಾಡುತ್ತಿದ್ದ ಕೆಲಸಕ್ಕೆ ಅಡ್ಡವಾಗಿ ಚೌಕವೊಂದು ಮೂಡುತ್ತಿತ್ತು. ಅದನ್ನು ಸರಿಸಿಬಿಟ್ಟರೆ ಮತ್ತೆ ಹುಡುಕಲು ಪಟ್ಟಿಯೂ ಇರಲಿಲ್ಲ.

ಓರಗಿತ್ತಿಯರು ಎದುರಿಗೆ ಮೂಗು ಮುರಿದು, ಒಳಗೊಳಗೇ ಒಬ್ಬರ ಅಡಿಗೆ ಇನ್ನೊಬ್ಬರು ಕಲಿಯುವುದಿಲ್ಲವೇ? ಇಲ್ಲೂ ಹಾಗೇ ಆಯಿತು. 2011ರಲ್ಲಿ ಐಫೋನಿಗೂ ಕೆಳಗೆಳೆಯುವ ಪಟ್ಟಿ ಬಂತು. ಆಂಡ್ರಾಯ್ಡ್ ಅಪ್ಪಣೆ ಕೇಳುವುದನ್ನು ಕಲಿತದ್ದು ಮಾತ್ರ 2022ರಲ್ಲಿ, ತನ್ನ ಹದಿಮೂರನೆಯ ಆವೃತ್ತಿಯಲ್ಲಿ. ನಡುವೆ 2017ರಲ್ಲಿ ಅದು ಇನ್ನೊಂದು ಅನುಕೂಲ ಮಾಡಿತ್ತು: ಒಂದೇ ಆ್ಯಪಿನ ಸೂಚನೆಗಳನ್ನು ಬಗೆಬಗೆಯಾಗಿ ವಿಂಗಡಿಸಿ, ಬೇಕಾದ್ದಕ್ಕೆ ಸದ್ದು, ಬೇಡದ್ದಕ್ಕೆ ಮೌನ. 2021ರಲ್ಲಿ ಐಫೋನು, ಅವಸರವಿಲ್ಲದವನ್ನೆಲ್ಲ ಕಂತೆ ಕಟ್ಟಿ ನಾವು ಹೇಳಿದ ಹೊತ್ತಿಗೆ ಕೊಡುವುದನ್ನು ಕಲಿತಿತು.

ನನ್ನದು ಅಪ್ಪಣೆ ಕೇಳುವ ಕಾಲಕ್ಕಿಂತ ಹಳೆಯ ಆಂಡ್ರಾಯ್ಡ್. ಬೇಡದವರನ್ನು ನಾನೇ ಹುಡುಕಿ ಹೊರಹಾಕಬೇಕು. ಒಂದು ಮಧ್ಯಾಹ್ನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಒಂದೊಂದನ್ನೇ ಆರಿಸಿದೆ. ಸೀರೆಯವರು, ಸಾಲದವರು ಎಲ್ಲ ಬಾಯಿ ಮುಚ್ಚಿದರು. ತಮ್ಮನಿಗೆ ಮಾತ್ರ ಬೇರೆಯೇ ಒಂದು ದನಿ ಇಟ್ಟುಕೊಂಡೆ.

ಮೊನ್ನೆ ಆ ದನಿ ಕೇಳಿತು. ಅಜ್ಜಿಯಂತೆಯೇ ಎದೆ ಧಸಕ್ಕೆಂದಿತು. ಒಲೆ ಆರಿಸಿ ಓಡಿದೆ. “ಅಮ್ಮ ಇವತ್ತು ತಾನೇ ಎದ್ದುಹೋಗಿ ಪೂಜೆಗೆ ಹೂ ಕೊಯ್ದಳು” ಎಂದು ಬರೆದಿದ್ದ.