ಜಾನ್ ಬೋಟ್
ಅಮೆರಿಕದ ಸರೋವರ, ಹೊಳೆಗಳಲ್ಲಿ ಗಾಳ ಹಾಕುವವರು ಬಳಸುವ ಚಪ್ಪಟೆ ತಳದ ಪುಟ್ಟ ಅಲ್ಯೂಮಿನಿಯಂ ದೋಣಿ. ಉದ್ದ ಸಾಮಾನ್ಯವಾಗಿ 10ರಿಂದ 16 ಅಡಿ. ಮೊಣಕಾಲುದ್ದದ ನೀರಿನಲ್ಲೂ ಸಲೀಸಾಗಿ ತೇಲುತ್ತದೆ. ಆದರೆ ಬರಿಯ ಲೋಹದ ಅಡ್ಡಪಟ್ಟಿಯ ಮೇಲೆ ದಿನವಿಡೀ ಕೂತರೆ ಬೆನ್ನು ಸೋಲುತ್ತದೆ; ಒರಗಿಕೊಳ್ಳಬಹುದಾದ ತಿರುಗುಕುರ್ಚಿಯೇ ಮೊದಲ ಅಗತ್ಯ. ತಳಕ್ಕೆ ಪ್ಲೈವುಡ್ ಹಾಸಿ ಮೇಲೆ ರಬ್ಬರ್ ಹಾಳೆ ಅಂಟಿಸಿದರೆ ಕಾಲು ಜಾರದು, ಮೀನನ್ನು ಬೆದರಿಸುವ ಸದ್ದೂ ತಗ್ಗುತ್ತದೆ. ತಾಮ್ರದ ಸಂಯುಕ್ತ ಉಣಿಸಿದ ಮರ ಮಾತ್ರ ಕೂಡದು: ಒದ್ದೆಯಾದಾಗ ತಾಮ್ರ ಅಲ್ಯೂಮಿನಿಯಂ ಅನ್ನು ತಿಂದು, ಕಾಲಕ್ರಮೇಣ ತೂತು ಬೀಳಿಸುತ್ತದೆ. ಸದ್ದಿಲ್ಲದೆ ಸಾಗಲು 12 ವೋಲ್ಟ್ ವಿದ್ಯುತ್ ಮೋಟಾರು ಸಾಕು. ಅದರ ಭಾರದ ಬ್ಯಾಟರಿ ನಡುಭಾಗದಲ್ಲಿರುವುದು ಒಳ್ಳೆಯದು. ನಿಂತು ಗಾಳ ಬೀಸುವ ವೇದಿಕೆ ಎತ್ತರವಾದಷ್ಟೂ ದೋಣಿ ಓಲಾಡುತ್ತದೆ. ತಯಾರಕರ ಫಲಕದಲ್ಲಿರುವ ಭಾರಮಿತಿಯ ಲೆಕ್ಕಕ್ಕೆ ಈ ಸಾಮಾನೆಲ್ಲವೂ ಸೇರುತ್ತದೆ. ಆಸನದಡಿಯ ಫೋಮ್ ಅನ್ನು ಜಾಗಕ್ಕಾಗಿ ಕಿತ್ತುಹಾಕಲೇಬಾರದು. ನೀರು ತುಂಬಿದಾಗ ದೋಣಿ ಮುಳುಗದಂತೆ ಹಿಡಿದಿಡುವುದು ಅದೇ.