ಮಲಪ್ರಭೆ ಗುಂಟ, ಭಾಗ 4: ಯುದ್ಧ ಮುಗಿದ ಮ್ಯಾಲಿನ ಕಿತ್ತೂರು

ಕಣಕುಂಬಿಯಲ್ಲಿ ಹುಟ್ಟಿದ ನದಿ ಜೊತಿ ಹೊರಟವರು ಖಾನಾಪುರ ದಾಟಿ ಬಂದೀವಿ. ಇವತ್ತು ನದಿ ಬಿಟ್ಟು ನಂದಗಡ, ಬೀಡಿ ಹಾದು ಕಿತ್ತೂರಿಗೆ ಹೋಗೋಣ. ಮೊದಲನೇ ಫೋಟೋ ನೋಡ್ರಿ. ಸೂರಿಲ್ಲದ ಗೋಡೆ, ಅದರ ನೆತ್ತಿ ಮ್ಯಾಲೆ ಹುಲ್ಲು. ಇದು ಚೆನ್ನಮ್ಮನ ಅರಮನೆ.

ಕತಿ ಎಲ್ಲರಿಗೂ ಗೊತ್ತು, ಸಣ್ಣದಾಗಿ ಹೇಳ್ತೀನಿ. 1824ರ ಸೆಪ್ಟೆಂಬರ್‌ನಲ್ಲಿ ದೊರೆ ಶಿವಲಿಂಗರುದ್ರಸರ್ಜ ತೀರಿಕೊಂಡ. ದತ್ತು ಮಗನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ, ಖಜಾನೆಗೆ ಸೀಲು ಹಾಕಿಸಿದ. (ದತ್ತು ಹಕ್ಕಿಲ್ಲ ಅನ್ನೋ ನೀತಿಗೆ ನಾವು ಡಾಲ್‌ಹೌಸಿ ಹೆಸರು ಹೇಳ್ತೀವಿ. ಅವ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ. ಕಿತ್ತೂರು ಅದನ್ನು 24 ವರ್ಷ ಮೊದಲೇ ಉಂಡಿತ್ತು.) ಅಕ್ಟೋಬರ್ 23ರಂದು ಕೋಟೆ ಎದುರು ಥ್ಯಾಕರೆ ಸತ್ತ. ಇಂಗ್ಲಿಷ್ ಕಾದಂಬರಿಕಾರ ಥ್ಯಾಕರೆಗೆ ಇವ ಕಾಕಾ ಆಗಬೇಕು. ಡಿಸೆಂಬರ್ ಮೊದಲ ವಾರ ದೊಡ್ಡ ಸೈನ್ಯ ಬಂತು, ಕೋಟೆ ಬಿತ್ತು. ರಾಣಿ ಬೈಲಹೊಂಗಲದಲ್ಲಿ ಸೆರೆಯಲ್ಲೇ 1829ರಲ್ಲಿ ತೀರಿಕೊಂಡಳು.

ನನಗ ಹೆಚ್ಚು ಕಾಡೋದು ಆ ನಡುವಿನ ವಾರಗಳು. ಗೆದ್ದ ಕಿತ್ತೂರಿನವರ ಕೈಯಾಗ ಇಬ್ಬರು ಇಂಗ್ಲಿಷ್ ಅಧಿಕಾರಿಗಳು ಸಿಕ್ಕಿದ್ದರು, ಸ್ಟೀವನ್‌ಸನ್ ಮತ್ತು ವಾಲ್ಟರ್ ಎಲಿಯಟ್. ಎಲಿಯಟ್ ಆಗ 21 ವರ್ಷದ ಹುಡುಗ. ಅವರನ್ನು ಕೊಲ್ಲಲಿಲ್ಲ, ಜೀವಂತ ಬಿಟ್ಟು ಕಳಿಸಿದರು. ಅದೇ ಎಲಿಯಟ್ ಮುಂದೆ ಈ ಸೀಮೆಯ ಊರೂರು ಶಾಸನಗಳ ನಕಲು ಮಾಡಿಸಿದ, ಆರುನೂರರ ಹತ್ತಿರ. ಕಲ್ಯಾಣದ ಚಾಲುಕ್ಯರ ಇತಿಹಾಸಕ್ಕೆ ಆ ಸಂಗ್ರಹ ದೊಡ್ಡ ಆಧಾರವಾಯಿತು. ಫ್ಲೀಟ್ ಕೂಡ ಅದನ್ನು ಬಳಸಿದ. ಸಂಸ್ಥಾನ ಕಳಕೊಂಡ ಊರು ಉಳಿಸಿದ ಒಂದು ಜೀವ, ಕನ್ನಡದ ಕಲ್ಲುಗಳನ್ನು ಓದಿಸಿತು! ಶಾಲೆ ಪುಸ್ತಕದಾಗ ಇದು ಯಾಕ ಬರಂಗಿಲ್ಲೋ ನಾ ಕಾಣೆ.

ಮೂರನೇ ಫೋಟೋ ನಂದಗಡದ್ದು. ರಾಣಿ ಸತ್ತ ಮ್ಯಾಲೂ ಸಂಗೊಳ್ಳಿ ರಾಯಣ್ಣ ಈ ಕಾಡಿನಾಗಿಂದಲೇ ಹೋರಾಡಿದ. ಬೀಡಿ, ನಂದಗಡ, ಖಾನಾಪುರದ ಕಡೆ ಸರ್ಕಾರಿ ಕಚೇರಿಗಳ ಮ್ಯಾಲೆ ಬಿದ್ದ. ತನಗಾಗಿ ಅಲ್ಲ, ದತ್ತು ಹುಡುಗ ಶಿವಲಿಂಗಪ್ಪನನ್ನು ಗಾದಿಗೆ ಕೂಡಿಸಬೇಕು ಅಂತ. ನಮ್ಮವರೇ ಹಿಡಿದುಕೊಟ್ಟರು. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲು. ಸಮಾಧಿ ಹತ್ತಿರದ ಆಲದ ಮರಕ್ಕೆ ಇವತ್ತೂ ಜನ ಹರಕೆ ಕಟ್ಟತಾರ.

ಈಗ ದೂರದ ಒಂದು ಊರು, ಬೋಸ್ನಿಯಾದ ಮೋಸ್ಟಾರ್. ಅಲ್ಲಿನ ಹಳೇ ಕಲ್ಲಿನ ಸೇತುವೆ 1566ರದ್ದು, ಅಂದ್ರ ನಮ್ಮ ತಾಳಿಕೋಟೆ ಯುದ್ಧದ ಮರುವರ್ಷದ್ದು. 1993ರ ನವೆಂಬರ್ 9ರಂದು ಶೆಲ್ ಹೊಡೆದು ನದಿಗೆ ಕೆಡವಿದರು. 2004ರಲ್ಲಿ ಹಂಗೇ ಮತ್ತೆ ಎದ್ದು ನಿಂತಿತು. ಅವರ ಹತ್ತಿರ ಫೋಟೋ ಇತ್ತು, ಅಳತೆ ಇತ್ತು, ಸೇತುವೆ ಕಂಡ ಜನ ಬದುಕಿದ್ದರು. ಕಿತ್ತೂರು ಬಿದ್ದಾಗ ಫೋಟೋ ತೆಗೆಯೋದು ಇನ್ನೂ ಬಳಕೆಗೇ ಬಂದಿರಲಿಲ್ಲ.

ಅದಕ್ಕೇ, ಅರಮನೆಯ ಪ್ರತಿರೂಪ ಕಟ್ಟೋ ಯೋಜನೆ ಬಂದಾಗ, ಅದನ್ನ ಎಲ್ಲಿ ಕಟ್ಟಬೇಕು ಅನ್ನೋ ಜಗಳ ಎದ್ದಾಗ, ನನ್ನ ಪ್ರಶ್ನೆ ಬ್ಯಾರೇನೇ ಇತ್ತು: ಯಾವ ರೂಪದ ಪ್ರತಿರೂಪ? ಉಳಿದ ಗೋಡೆ ಇನ್ನೂ ನಿಜ ಹೇಳತಾವ. ಧ್ರುವ ನಕ್ಷತ್ರ ನೋಡಲಿಕ್ಕೆ ಬಿಟ್ಟ ಕಿಂಡಿ ಅಲ್ಲೇ ಐತಿ (ಐದನೇ ಫೋಟೋ). ಮಳೆ ನೀರು ಗೋಡೆಯೊಳಗ ಇಳಿಯದಂಗ ಮೊದಲು ನೋಡಿಕೊಳ್ಳಲಿ. ರೊಕ್ಕ ಉಳಿದರ ಆಮೇಲೆ ನೋಡೋಣ. ಅಕ್ಟೋಬರ್‌ನ ಉತ್ಸವದಾಗ ಮೂರು ದಿನ ಲೈಟು, ಮೈಕು, ಜನವೋ ಜನ. ನಾಲ್ಕನೇ ದಿನ ಹೋಗ್ರಿ, ಗೋಡೆ ಕಾಣತಾವ.

ಊರು ಮಾತ್ರ ಗೋಡೆ ನೋಡಕೋತ ಕೂತಿಲ್ಲ. ರಾಣಿ ಹೆಸರಲ್ಲಿ ಹೆಣ್ಣುಮಕ್ಕಳ ವಸತಿ ಸೈನಿಕ ಶಾಲೆ 1969ರಿಂದ ನಡದೈತಿ. ಕಿತ್ತೂರು ಈಗ ತಾಲೂಕು. 2021ರಲ್ಲಿ ಮುಂಬೈ ಕರ್ನಾಟಕ ಅನ್ನೋ ಹೆಸರು ಹೋಗಿ ಇಡೀ ಸೀಮೆ ಕಿತ್ತೂರು ಕರ್ನಾಟಕ ಆಯ್ತು. ಕೊನೇ ಫೋಟೋದಾಗ ಸೈಕಲ್ ಮ್ಯಾಲೆ ಶಾಲೆಗೆ ಹೊರಟ ಹುಡುಗಿಯರು, ಹಿಂದ ಕೋಟೆಯ ಕಂದಕ.

ಮುಂದಿನ ಭಾಗ ಬೈಲಹೊಂಗಲ, ರಾಣಿಯ ಸಮಾಧಿ. ನಿಮ್ಮ ಮನ್ಯಾಗ ಅಜ್ಜಿ ಹೇಳಿದ ಕಿತ್ತೂರಿನ ಲಾವಣಿ ಯಾರಿಗಾದ್ರೂ ನೆನಪಿದ್ರ ಕಾಮೆಂಟಿನಾಗ ತಿಳಸ್ರಿ.

#ಮಲಪ್ರಭೆಗುಂಟ #ಕಣಕುಂಬಿ #ಕಿತ್ತೂರು #ನಂದಗಡ