ಸಿದ್ದಿಯರ ಕಲೆ: ಕನ್ನಡ ನಾಡಿನೊಳಗಿನ ಆಫ್ರಿಕನ್ ಪರಂಪರೆ

1510ರಲ್ಲಿ ಗೋವೆಯು ಪೋರ್ಚುಗೀಸರ ವಶವಾದ ಮೇಲೆ, ಮೊಜಾಂಬಿಕ್ ಮೊದಲಾದ ಪೂರ್ವ ಆಫ್ರಿಕದ ತೀರಗಳಿಂದ ಜನರನ್ನು ಗುಲಾಮರನ್ನಾಗಿ ತಂದು ಮಾರುವ ವ್ಯಾಪಾರವು ಅಲ್ಲಿ ಶತಮಾನಗಳ ಕಾಲ ನಡೆಯಿತು. ಪೋರ್ಚುಗೀಸ್ ಆಡಳಿತವು 1869ರಲ್ಲಿ ಗುಲಾಮಗಿರಿಯನ್ನು ರದ್ದುಪಡಿಸಿತಾದರೂ, ಅದಕ್ಕೆ ಬಹಳ ಮುಂಚಿನಿಂದಲೇ ಒಡೆಯರ ಹಿಂಸೆಯಿಂದ ತಪ್ಪಿಸಿಕೊಂಡವರು ಪಶ್ಚಿಮ ಘಟ್ಟದ ದಟ್ಟ ಕಾಡುಗಳನ್ನು ಸೇರಿ ನೆಲೆನಿಂತರು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಮತ್ತು ಜೋಯಿಡಾ ತಾಲ್ಲೂಕುಗಳಲ್ಲಿ ಇಂದು ಬಾಳುತ್ತಿರುವ ಸಿದ್ದಿಯರು ಬಹುಮಟ್ಟಿಗೆ ಅವರ ಸಂತತಿಯವರು.

ಆದರೆ ಕನ್ನಡ ನಾಡಿಗೆ ಬಂದ ಆಫ್ರಿಕನ್ನರೆಲ್ಲರ ಕಥೆಯೂ ಒಂದೇ ಬಗೆಯದಲ್ಲ. ಹಬಶಿಗಳು, ಎಂದರೆ ಇಥಿಯೋಪಿಯ ಮೂಲದವರು, ದಖ್ಖನಿನ ಸುಲ್ತಾನರ ಸೇನೆಗಳಲ್ಲಿ ಉನ್ನತ ಪದವಿಗೇರಿದರು. ವಿಜಯಪುರದ ಮುಹಮ್ಮದ್ ಆದಿಲ್ ಶಾಹನ ಆಳ್ವಿಕೆಯಲ್ಲಿ ಪ್ರಬಲ ಅಧಿಕಾರಿಯಾಗಿದ್ದ ಹಬಶಿ ಇಖ್ಲಾಸ್ ಖಾನನ ಭಾವಚಿತ್ರಗಳು ದಖ್ಖನಿ ಚಿತ್ರಕಲೆಯ ಶ್ರೇಷ್ಠ ಮಾದರಿಗಳಾಗಿ ಉಳಿದಿವೆ. ಅದೇ ನಗರದ ಇಬ್ರಾಹಿಂ ರೋಜಾ ಸ್ಮಾರಕದ ನಿರ್ಮಾಣದೊಂದಿಗೆ ಆಫ್ರಿಕ ಮೂಲದ ಮಲಿಕ್ ಸಂದಲನ ಹೆಸರು ಸೇರಿಕೊಂಡಿದೆ. ಅರಮನೆಯವರ ಹೆಸರನ್ನು ಕಲ್ಲು ಮತ್ತು ಬಣ್ಣ ಕಾಪಾಡಿದವು. ಕಾಡು ಸೇರಿದವರಿಗೆ ಅಂಥ ದಾಖಲೆಗಳಿರಲಿಲ್ಲವಾದ್ದರಿಂದ, ಅವರ ನೆನಪು ಉಳಿದದ್ದು ಹೊಲಿಗೆ, ಕುಣಿತ ಮತ್ತು ಹಿರಿಯರ ಆರಾಧನೆಗಳಲ್ಲಿ.

ಈ ಕಲೆಗಳಲ್ಲಿ ಎದ್ದುಕಾಣುವುದು ಕವಂದಿ, ಎಂದರೆ ಹಳೆಯ ಸೀರೆ ಮತ್ತು ಬಟ್ಟೆಗಳ ತುಂಡುಗಳನ್ನು ಪದರಪದರವಾಗಿ ಜೋಡಿಸಿ ಹೊಲಿದ ಹೊದಿಕೆ. ಉತ್ತರ ಕರ್ನಾಟಕದ ಕೌದಿಗೆ ಇದು ಹತ್ತಿರದ್ದಾದರೂ ಇದನ್ನು ಕಟ್ಟುವ ಕ್ರಮದಲ್ಲಿ ಸಿದ್ದಿ ಮಹಿಳೆಯರ ಸ್ವಂತಿಕೆ ಕಾಣುತ್ತದೆ: ಹೊಲಿಗೆಯು ಅಂಚಿನಿಂದ ಆರಂಭವಾಗಿ ಸುತ್ತುಸುತ್ತಾಗಿ ನಡುವಿನತ್ತ ಸಾಗುತ್ತದೆ, ಮೂಲೆಗಳಿಗೆ ಮಡಿಸಿದ ತ್ರಿಕೋನಾಕಾರದ ಬಟ್ಟೆಗಳು ಹೂವಿನಂತೆ ಸೇರುತ್ತವೆ, ಹೊದಿಕೆಯ ಹೊಟ್ಟೆ ತುಂಬಿರಲೆಂದು ಕೆಲವರು ನಡುಭಾಗದಲ್ಲಿ ಅಕ್ಕಿಯ ಕಾಳುಗಳನ್ನು ಇಟ್ಟು ಹೊಲಿಯುತ್ತಾರೆ. ಸಿದ್ದಿಯರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇರುವುದರಿಂದ ಕೆಲವು ಕವಂದಿಗಳಲ್ಲಿ ಶಿಲುಬೆಯೂ ಕೆಲವುಗಳಲ್ಲಿ ಅರ್ಧಚಂದ್ರವೂ ಮೂಡಿರುತ್ತದೆ. ಕಸುಬು ಮಾತ್ರ ಮೂರು ಸಮುದಾಯಗಳಿಗೂ ಒಂದೇ. ಡಮಾಮಿಯೂ ಹಾಗೆಯೇ: ಚರ್ಮವಾದ್ಯದ ಬಡಿತಕ್ಕೆ ಹಾಡುತ್ತ ಕುಣಿಯುವ ಈ ಪ್ರಕಾರದಲ್ಲಿ ಆಫ್ರಿಕದ ಲಯದ ನೆನಪೂ ಘಟ್ಟದ ಬದುಕಿನ ವಸ್ತುವೂ ಬೆರೆತಿವೆ.

ಈ ಪರಂಪರೆಯನ್ನು ಹೊರಜಗತ್ತಿನೊಡನೆ ಜೋಡಿಸಿದ ಪ್ರಯತ್ನಗಳಲ್ಲಿ ರಂಗಭೂಮಿಯದು ಮಹತ್ವದ ಪಾತ್ರ. ಹೆಗ್ಗೋಡಿನ ರಂಗಸಂಸ್ಥೆ ನೀನಾಸಂನ ಒಡನಾಟದಲ್ಲಿ ನಿರ್ದೇಶಕ ಚಿದಂಬರರಾವ್ ಜಂಬೆಯವರು 1980ರ ದಶಕದಲ್ಲಿ ಸಿದ್ದಿ ಕಲಾವಿದರೊಂದಿಗೆ ನಾಟಕಗಳನ್ನು ಕಟ್ಟಿದರು. ನೈಜೀರಿಯದ ಚಿನುವ ಅಚಿಬೆಯ ಕಾದಂಬರಿಯನ್ನು ಆಧರಿಸಿದ ‘ಕಪ್ಪು ಜನ ಕೆಂಪು ನೆರಳು’ ಅವುಗಳಲ್ಲೊಂದು. ಆಫ್ರಿಕದ ನೆಲದ ಕಥೆಯನ್ನು ಆಫ್ರಿಕ ಮೂಲದ ಕನ್ನಡಿಗರು ಕನ್ನಡದಲ್ಲಿ ಅಭಿನಯಿಸಿದ ಆ ಪ್ರಯೋಗ, ಸಾಂಸ್ಕೃತಿಕ ವಿನಿಮಯವೆಂದರೆ ಏನಾಗಬಲ್ಲದು ಎಂಬುದಕ್ಕೆ ಗಟ್ಟಿಯಾದ ನಿದರ್ಶನ. ಅನಂತರ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರು ಕವಂದಿಯನ್ನು ಅಧ್ಯಯನ ಮಾಡಿ, ಹೊಲಿಯುವ ಮಹಿಳೆಯರು ಒಟ್ಟಾಗಿ ತಮ್ಮ ಕೃತಿಗಳನ್ನು ಮಾರುವುದಕ್ಕೆ ನೆರವಾದರು, ಅವುಗಳನ್ನು ಅಮೆರಿಕದ ಪ್ರದರ್ಶನಗಳಿಗೂ ಒಯ್ದರು.

ಆದರೂ ವಿನಿಮಯವು ಎರಡು ದಿಕ್ಕಿನಲ್ಲಿ ಹರಿದಾಗ ಮಾತ್ರ ಆ ಹೆಸರಿಗೆ ಅರ್ಹವಾಗುತ್ತದೆ. ಹೊರದೇಶದ ವಿದ್ಯಾರ್ಥಿಗಳು ಬಂದು ಡಮಾಮಿಯ ಚಿತ್ರ ತೆಗೆದುಕೊಂಡು ಮರಳುವುದು ನೋಟವಷ್ಟೇ. ಸಿದ್ದಿ ಮಹಿಳೆಯನ್ನು ಗುರುವೆಂದು ಒಪ್ಪಿ, ಅವಳ ಪಕ್ಕದಲ್ಲಿ ಕುಳಿತು ಅಂಚಿನಿಂದ ಹೊಲಿಗೆ ಕಲಿತು, ಕಲಿಸಿದ್ದಕ್ಕೆ ತಕ್ಕ ಸಂಭಾವನೆ ಕೊಡುವುದು ಕಲಿಕೆ. ಸಿದ್ದಿ ತರುಣ ತರುಣಿಯರಿಗೂ ಬ್ರೆಜಿಲ್, ಅಮೆರಿಕ, ಮೊಜಾಂಬಿಕ್‌ಗಳ ತಮ್ಮ ದೂರದ ಬಂಧುಗಳ ಕಲೆಯನ್ನು ಕಾಣುವ ಅವಕಾಶ ಸಿಗಬೇಕು. ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡಕ್ಕೆ ಸೇರಿದ್ದು 2003ರಲ್ಲಿ, ಆ ಸಮುದಾಯದ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತನ್ನು ಪ್ರವೇಶಿಸಿದ್ದು 2020ರಲ್ಲಿ. ಇಷ್ಟು ತಡವಾಗಿ ದೊರೆತ ಮನ್ನಣೆಗೆ ವಿದ್ಯೆಯ ಬಲವೂ ಕೂಡಬೇಕಾಗಿದೆ.

ಈ ಹೊಣೆ ಕೇವಲ ವಿದೇಶಿ ವಿಶ್ವವಿದ್ಯಾಲಯಗಳದ್ದಲ್ಲ, ನಮ್ಮ ಊರುಗಳ ಕಾಲೇಜುಗಳದ್ದೂ ಹೌದು. 1958ರಲ್ಲಿ ಆರಂಭವಾದ ಸಂತ ಫಿಲೋಮಿನಾ ಕಾಲೇಜು ಇರುವ ದರ್ಬೆಯನ್ನೇ ನೋಡಬಹುದು: ಅದು ಶಿವರಾಮ ಕಾರಂತರು ಬಾಲವನದಲ್ಲಿ ಮಕ್ಕಳ ಶಿಕ್ಷಣ ಮತ್ತು ಕಲೆಗಳ ಪ್ರಯೋಗ ನಡೆಸಿದ ಪುತ್ತೂರಿನ ಭಾಗ. ದೈವಾರಾಧನೆಯ ಮೂಲಕ ಹಿರಿಯರ ನೆನಪನ್ನು ಕಾಪಾಡಿಕೊಂಡು ಬಂದ ಈ ಸೀಮೆಯ ವಿದ್ಯಾರ್ಥಿಗಳಿಗೆ ಸಿದ್ದಿಯರ ಹಿರಿಯರ ಪೂಜೆಯ ಅರ್ಥ ಸುಲಭವಾಗಿ ತಿಳಿಯುತ್ತದೆ. ಆಫ್ರಿಕದ ಪರಂಪರೆಯನ್ನು ಅರಿಯಲು ಸಮುದ್ರ ದಾಟಬೇಕಾಗಿಲ್ಲವಾದ್ದರಿಂದ, ಇಲ್ಲಿನ ಕಾಲೇಜುಗಳು ಮೊದಲು ಯಲ್ಲಾಪುರದ ಸಿದ್ದಿ ಕಲಾವಿದರನ್ನು ಗುರುಗಳಾಗಿ ಬರಮಾಡಿಕೊಳ್ಳಲಿ, ತಮ್ಮ ವಿದ್ಯಾರ್ಥಿಗಳನ್ನು ಅವರ ಅಂಗಳಕ್ಕೆ ಶಿಷ್ಯರಾಗಿ ಕಳುಹಿಸಲಿ.